ಯಾವುದಕ್ಕೂ ಕಾಯದ ಕೆಲಸ

ಕಂತು ಆರು

"ಫೋನಿನಲ್ಲಿ ಬಂದದ್ದೇನು? ಅರ್ಥ ಬೇಡ, ಅಕ್ಷರ ಹೇಳು," ಅಂದಳು ಅಕ್ಕ.

ಪಂಪಮ್ಮ ಮೋಟಾರಿನ ಕಡೆ ನೋಡಿದಳು, ಅದಾದರೂ ತನ್ನ ಪರವಾಗಿ ಏನಾದರೂ ಹೇಳೀತು ಅನ್ನುವ ಹಾಗೆ. "ವಾಲ್ವ್ ತೆರೀಬಹುದು ಅಂತ ಬಂತು, ಟೀಚರ್."

"ಅದು ನೀನು ತಿಳ್ಕೊಂಡಿದ್ದು. ಬಂದಿದ್ದೇನು?"

"ನೆನಪಿಲ್ಲ. ಎಂಟು ದಿನದಿಂದ ಆ ಗಳಿಗೆ ಬಿಟ್ಟು ಬೇರೇನೂ ತಲೇಲಿಲ್ಲ. ಆದ್ರೂ ಆ ಗಳಿಗೆ ಮಾತ್ರ ನೆನಪಿಗೆ ಬರ್ತಿಲ್ಲ."

ಎಂಟು ದಿನದ ಹಿಂದೆ ಆಸ್ಪತ್ರೆಯ ನೆಲದಡಿಯ ನೀರಿನ ಟ್ಯಾಂಕನ್ನು ಉಜ್ಜಲು ಇಳಿದಿದ್ದ ಮೇಸ್ತ್ರಿ ಇನ್ನೂ ಒಳಗಿರುವಾಗಲೇ, ಪಂಪ್ ನೋಡಿಕೊಳ್ಳುವ ಅವನ ಸ್ವಂತ ತಂಗಿ ಪಂಪಮ್ಮ ವಾಲ್ವ್ ತಿರುಗಿಸಿ ನೀರು ಬಿಟ್ಟಿದ್ದಳು. ಬೇಕೆಂದೇ ಬಿಟ್ಟಳು ಅನ್ನುವುದು ಆಫೀಸಿನ ದೂರು. ನಾಳೆ ಬೆಳಗ್ಗೆ ಹತ್ತಕ್ಕೆ ಅವಳು ಠಾಣೆಗೆ ಹೋಗಬೇಕು. ಮೇಸ್ತ್ರಿ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಣ್ಣು ಬಿಡದೆ ಮಲಗಿದ್ದ.

ನಾವು ನಿಂತಿದ್ದದ್ದು ಪಂಪಿನ ಮನೆಯಲ್ಲಿ. ಹಸಿರು ಬಣ್ಣ ಬಳಿದ ಪೈಪುಗಳು, ಗಾಡಿಯ ಚಕ್ರದಷ್ಟು ದೊಡ್ಡ ವಾಲ್ವ್, ಒಂದು ಬೆಂಚು, ಒಂದು ಸ್ಟೂಲು. ಕೆಲಸದಿಂದ ಹೊರಗಿಟ್ಟವಳನ್ನು ಒಳಗೆ ಬಿಡಲು ಆಫೀಸಿನವರು ಹತ್ತು ನಿಮಿಷ ಕೊಟ್ಟಿದ್ದರು. ಅವಳ ಜಾಗಕ್ಕೆ ಬಂದವನು ಬಾಗಿಲಾಚೆ ನಿಂತು, ಕೇಳಿಸದವನಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಅಕ್ಕ ಇಪ್ಪತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಅದಕ್ಕಿಂತ ಹೆಚ್ಚಾಗಿ ಇಪ್ಪತ್ತಾರು ವರ್ಷ ಆ ಶಾಲೆಯ ವೇಳಾಪಟ್ಟಿ ಬರೆದವಳು. ಯಾವ ತರಗತಿ ಮುಗಿದರೆ ಯಾವುದು ಶುರು, ಯಾವ ಮೇಷ್ಟ್ರು ಏಕಕಾಲಕ್ಕೆ ಎರಡು ಕೋಣೆಯಲ್ಲಿ ಇರಬೇಕಾಗಿ ಬರುತ್ತೆ, ಇದೆಲ್ಲ ಅವಳಿಗೆ ಕನಸಿನಲ್ಲೂ ಹೊಳೆಯುತ್ತಿತ್ತು. ನಿವೃತ್ತಿಯಾದ ಮೇಲೆ ಜನ ಕಳೆದುಹೋದದ್ದನ್ನೂ ಕೆಟ್ಟುಹೋದದ್ದನ್ನೂ ಹುಡುಕಿಕೊಡಲು ಅವಳ ಬಳಿ ಬರತೊಡಗಿದರು. ನಾನು ಅವಳ ತಮ್ಮ, ದರ್ಜಿ. ಅವಳು ಕರೆದಾಗ ಅಂಗಡಿಗೆ ಬೀಗ ಜಡಿದು ಅವಳ ಚೀಲ ಹೊತ್ತು ಹಿಂದೆ ನಡೆಯುವುದು ನನ್ನ ಎರಡನೇ ಕಸುಬು.

ಅಕ್ಕ ಬೆಂಚಿನ ಮೇಲೆ ಒಂದು ಹಾಳೆ ಹರಡಿದಳು. ಅದು ಅವತ್ತಿನ ಕೆಲಸದ ಪಟ್ಟಿಯ ಪ್ರತಿ.

ಈ ಪಟ್ಟಿಯನ್ನು ನಾನು ಐದು ಕಂತಿನಿಂದ ನೋಡುತ್ತಿದ್ದೇನೆ, ಆದರೂ ಹೇಳಿಬಿಡುತ್ತೇನೆ. ಆಸ್ಪತ್ರೆಯ ರಿಪೇರಿ ಕೆಲಸವೆಲ್ಲ ಈಗ ಫೋನಿನಲ್ಲಿರುವ ಒಂದು ಪಟ್ಟಿಯ ಮೇಲೆ ನಡೆಯುತ್ತೆ. 'ಟ್ಯಾಂಕ್ ಸ್ವಚ್ಛತೆ' ಅಂತ ಒಂದು ದೊಡ್ಡ ಕೆಲಸ. ಅದರ ಹೊಟ್ಟೆಯಲ್ಲಿ ಏಳು ಸಣ್ಣ ಕೆಲಸ. ನೀರು ಖಾಲಿ. ಏಣಿ ಇಳಿಸು. ಉಜ್ಜು. ತೊಳೆ. ತಲೆ ಎಣಿಕೆ, ಇಬ್ಬರೂ ಮೇಲೆ. ವಾಲ್ವ್ ತೆರೆ. ಮುಚ್ಚಳ. ಒಂದಕ್ಕೊಂದು ಗಂಟು ಹಾಕಿದೆ. ಹಿಂದಿನದಕ್ಕೆ ಟಿಕ್ ಬೀಳುವ ತನಕ ಮುಂದಿನದರ ಮೇಲೆ ಬೀಗದ ಚಿತ್ರ ಇರುತ್ತೆ, ಒತ್ತಿದರೂ ಜಗ್ಗುವುದಿಲ್ಲ. ತಾನೂ ತನ್ನ ಜೊತೆಗಾರನೂ ಮೇಲೆ ಬಂದ ಮೇಲೆ ಎಣಿಕೆಗೆ ಟಿಕ್ ಹಾಕಬೇಕಾದವನು ಮೇಸ್ತ್ರಿ. ಅದು ಬಿದ್ದ ಮೇಲೆ ವಾಲ್ವ್ ತಿರುಗಿಸಬೇಕಾದವಳು ಪಂಪಮ್ಮ.

ಈ ಪ್ರತಿಯಲ್ಲಿ ಐದನೆಯದರ ಮುಂದೆ ಖಾಲಿ. ಆರನೆಯದರ ಮುಂದೆ ಟಿಕ್.

ಪಂಪಿನ ಮನೆಗೂ ಟ್ಯಾಂಕಿಗೂ ಮಧ್ಯೆ ಜನರೇಟರ್ ಕಟ್ಟಡ ಅಡ್ಡ ಬರುತ್ತೆ. ಕೂಗಿದರೆ ಕೇಳಿಸದು, ಇಣುಕಿದರೆ ಕಾಣಿಸದು. ಬೇರೆ ಯಾರಾದರೂ ಆಗಿದ್ದರೆ ಫೋನು ಮಾಡಿ ಕೇಳುತ್ತಿದ್ದರು. ಆದರೆ ಇವರಿಬ್ಬರ ಮಧ್ಯೆ ಆರು ವರ್ಷದಿಂದ ಮಾತಿಲ್ಲ. ತಂಗಿ ಅವನಿಗೆ ಬೇಡದವನನ್ನು ಮದುವೆಯಾದಳು, ಅಣ್ಣ ಮಾತು ಬಿಟ್ಟ. ಆಮೇಲೆ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಇಬ್ಬರೂ ಹೇಳಿಕೊಂಡದ್ದೆಲ್ಲ ಟಿಕ್ಕಿನಲ್ಲೇ. ದೂರಿನಲ್ಲಿ ಇದನ್ನೇ ಕಾರಣ ಅಂತ ಬರೆದಿದ್ದರು: ಹಳೇ ದ್ವೇಷ.

"ನಿನ್ನ ಫೋನು?"

"ಅದು ಆಫೀಸಿನದು, ಟೀಚರ್. ಅವತ್ತೇ ತಗೊಂಡ್ರು. ಎಲ್ಲ ಅಳಿಸಿ ಬೇರೆಯವರಿಗೆ ಕೊಟ್ಟಾಯ್ತಂತೆ."

"ಫೋನಿನಲ್ಲಿ ಬಂದದ್ದನ್ನ ಯಾರಿಗಾದ್ರೂ ಹೇಳಿದ್ಯಾ? ಎಲ್ಲಾದ್ರೂ ಬರೆದ್ಯಾ?"

"ಬರೆಯೋದು ಅಂದ್ರೆ..." ಅವಳು ಗೋಡೆಯ ಕಡೆ ತಿರುಗಿದಳು. ಅಲ್ಲಿ ಮೊಳೆಗೆ ದಾರ ಕಟ್ಟಿ ಒಂದು ಉದ್ದನೆಯ ಪುಸ್ತಕ ನೇತುಹಾಕಿತ್ತು. ಮೂಲೆಗಳು ಎಣ್ಣೆ ಕುಡಿದು ಕಪ್ಪಾಗಿದ್ದವು. "ಪಂಪ್ ಪುಸ್ತಕದಲ್ಲಿ ಬರೀತೀನಿ. ಪಟ್ಟಿ ಬಂದ ಮೇಲೆ ಬರೀಬೇಕಾಗಿಲ್ಲ ಅಂದಿದ್ರು. ಕೈಗೆ ಅಭ್ಯಾಸ, ಬಿಡಲಿಲ್ಲ. ಫೋನಿನಲ್ಲಿ ಏನು ಬಂದ್ರೂ ನೋಡಿ ಬರೆದುಬಿಡ್ತೀನಿ."

ಅಕ್ಕ ನನ್ನ ಮುಖ ನೋಡಿದಳು. ಎಂಟು ದಿನ ಇದನ್ನು ಯಾಕೆ ಹೇಳಲಿಲ್ಲ ಅಂತ ನಾನು ಬಾಯಿ ತೆರೆಯುವವನಿದ್ದೆ. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು. ಹೆದರಿದವರಿಗೆ ದಿನಾ ಮಾಡುವ ಕೆಲಸ ನೆನಪಾಗುವುದಿಲ್ಲ.

ಪುಟ ಸಿಕ್ಕಿತು. ದುಂಡನೆಯ ಅಕ್ಷರ, ಏಳನೇ ಕ್ಲಾಸಿನಲ್ಲಿ ಅಕ್ಕನೇ ತಿದ್ದಿಸಿದ ಅಕ್ಷರ.

'11.03. ಈ ಕೆಲಸ ಇನ್ನು ಯಾವುದಕ್ಕೂ ಕಾಯುತ್ತಿಲ್ಲ. 11.05. ವಾಲ್ವ್ ತೆರೆದೆ.'

"ಹೌದು, ಇದೇ," ಅಂದಳು ಪಂಪಮ್ಮ. "ಕಾಯೋದು ಮುಗೀತು, ಎಲ್ಲ ಮೇಲೆ ಬಂದ್ರು ಅಂದ್ಕೊಂಡೆ."

ಅಕ್ಕ ಹಿಂದಿನ ತಿಂಗಳ ಪುಟಕ್ಕೆ ಹೋದಳು. ಅದರ ಹಿಂದಿನದಕ್ಕೆ. ಅದರ ಹಿಂದಿನದಕ್ಕೆ. ಬೆರಳು ಒಂದೊಂದು ಸಾಲಿನ ಮೇಲೆ ನಿಲ್ಲುತ್ತಿತ್ತು. ಹದಿನಾಲ್ಕು ತಿಂಗಳು, ಹದಿನಾಲ್ಕು ಸಲ ಟ್ಯಾಂಕ್ ತೊಳೆದಿದ್ದಾರೆ. ಪ್ರತಿ ಸಲವೂ ಅದೇ ದುಂಡನೆಯ ಅಕ್ಷರದಲ್ಲಿ ಬೇರೆಯೇ ವಾಕ್ಯ: 'ಹಿಂದಿನ ಕೆಲಸ ಮುಗಿದಿದೆ. ಶುರು ಮಾಡಬಹುದು.'

"ನಿನ್ನ ಅಂಗಿ ತೆಗಿ," ಅಂದಳು ನನಗೆ.

ಬಾಗಿಲಾಚೆ ನಿಂತವನು ಬೆಚ್ಚಿ ನೋಡಿದ. ಅವಳು ಕೇಳಿದ್ದು ನನ್ನ ಮೈಮೇಲಿನ ಅಂಗಿಯನ್ನಲ್ಲ. ಈ ಪಟ್ಟಿ ಹೇಗೆ ನಡೆಯುತ್ತೆ ಅಂತ ತಿಳಿಯಲು ಮೊನ್ನೆ ಅವಳು ನನ್ನ ಫೋನಿನಲ್ಲೂ ಅದನ್ನು ಹಾಕಿಸಿ, 'ಅಂಗಿ' ಅಂತ ಒಂದು ಕೆಲಸ ಮಾಡಿಸಿದ್ದಳು. ಅಳತೆ, ಕತ್ತರಿ, ಹೊಲಿಗೆ, ಕಾಜಾ, ಗುಂಡಿ, ಇಸ್ತ್ರಿ. ಎಲ್ಲಕ್ಕೂ ಗಂಟು.

"ಇಸ್ತ್ರಿಯನ್ನ ಎಳೆದು ಎಲ್ಲಕ್ಕಿಂತ ಮೇಲೆ ಹಾಕು."

ಹಾಕಿದೆ. ಇಸ್ತ್ರಿ ಹೋಗಿ ಅಳತೆಯ ತಲೆ ಮೇಲೆ ಕೂತಿತು. ಬೀಗ ಹಾಗೇ ಇತ್ತು.

"ನೋಡು. ಸಾಲು ಬದಲಾದ್ರೆ ಕಣ್ಣಿಗೆ ಮಾತ್ರ ಬದಲಾಯ್ತು. ಮೆಷಿನ್ನಿಗೆ ಸಾಲು ಲೆಕ್ಕಕ್ಕಿಲ್ಲ, ಗಂಟು ಮಾತ್ರ ಲೆಕ್ಕ. ಇಷ್ಟು ದಿನ ನಾವೂ ಪೊಲೀಸರೂ ಸಾಲನ್ನೇ ನೋಡ್ತಾ ಕೂತಿದ್ವಿ. ಸಾಲು ಸರಿಯಾಗೇ ಇತ್ತು." ಅವಳು ಒಂದು ಗುಟುಕು ಗಾಳಿ ಎಳೆದುಕೊಂಡಳು. "ಈಗ ಗುಂಡಿಗೆ ಟಿಕ್ ಹಾಕದೇನೇ, ಗುಂಡಿಗೂ ಇಸ್ತ್ರಿಗೂ ಇರೋ ಗಂಟು ಬಿಚ್ಚು."

ಬಿಚ್ಚಿದೆ. ಇಸ್ತ್ರಿಯ ಬೀಗ ಮಾಯವಾಯಿತು. ಫೋನು ಒಮ್ಮೆ ನಡುಗಿ ಒಂದು ಸಾಲು ತೋರಿಸಿತು.

'ಈ ಕೆಲಸ ಇನ್ನು ಯಾವುದಕ್ಕೂ ಕಾಯುತ್ತಿಲ್ಲ.'

ಪಂಪಮ್ಮ ಅದನ್ನು ಓದಿದಳು. ಪುಸ್ತಕದಲ್ಲಿದ್ದದ್ದನ್ನು ಓದಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಿಕ್ಕಳಿಸುತ್ತಿದ್ದಾಳೆ ಅಂದುಕೊಂಡೆ, ಅಲ್ಲ. ಎಂಟು ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದಳು.

"ನನಗೇ ಸಂಶಯ ಬಂದಿತ್ತು, ಟೀಚರ್," ಅಂದಳು ಬೆರಳುಗಳ ಸಂದಿಯಿಂದ. "ಬೀಗ ಇದ್ರೂ ನಾನೇ ಏನೋ ಒತ್ತಿಬಿಟ್ಟೆನೇನೋ, ಮನಸ್ಸಿನಲ್ಲಿ ಎಲ್ಲೋ ಸಿಟ್ಟಿತ್ತೇನೋ ಅಂತ."

"ಸಿಟ್ಟು ಇದ್ದಿರಬಹುದು. ಬೀಗ ಇರಲಿಲ್ಲ," ಅಂದಳು ಅಕ್ಕ. ಅವಳ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು. ಅಕ್ಕನ ಮಟ್ಟಿಗೆ ಅದು ಅಪ್ಪಿಕೊಂಡದ್ದಕ್ಕೆ ಸಮ.

ಪಟ್ಟಿ ಮಾಡಿಕೊಟ್ಟ ಕಂಪನಿಯ ಇಂಜಿನಿಯರಮ್ಮನಿಗೆ ಅಲ್ಲಿಂದಲೇ ಫೋನು ಹಚ್ಚಿದೆವು. ಚುರುಕಾದ ದನಿ, ಏನಾದರೂ ತಪ್ಪಿದ್ದರೆ ಮುಂಚೆಯೇ ಒಪ್ಪಿಕೊಂಡುಬಿಡುವ ಸ್ವಭಾವ.

"ಟಿಕ್ ಯಾರು ಹಾಕಿದ್ರು ಅಂತ ಬರೆದಿಡ್ತೀವಿ, ಮೇಡಂ. ಗಂಟು ಯಾರು ಬಿಚ್ಚಿದ್ರು ಅಂತ ಬರೆದಿಡಲ್ಲ. ಇಡಬೇಕಿತ್ತು. ಯಾರೂ ಕೇಳಿರಲಿಲ್ಲ."

"ಬಿಚ್ಚಿ, ಆಮೇಲೆ ಮತ್ತೆ ಕಟ್ಟಿದ್ರೆ?"

"ಏನೂ ಗೊತ್ತಾಗಲ್ಲ. ಹೊಸದರ ಥರಾನೇ ಕಾಣುತ್ತೆ."

"ಗಂಟು ಬಿಚ್ಚೋ ಅಧಿಕಾರ ಆಸ್ಪತ್ರೆಯಲ್ಲಿ ಎಷ್ಟು ಜನಕ್ಕಿದೆ?"

"ಒಬ್ಬರಿಗೇ, ಮೇಡಂ. ಉಸ್ತುವಾರಿ ಅವರದೇ."

ಆ ಒಬ್ಬರು ಯಾರೆಂದು ನಾವು ಯಾರೂ ಕೇಳಲಿಲ್ಲ. ಬಾಗಿಲಾಚೆ ನಿಂತವನು ಮಾತ್ರ, ಕೇಳಿಸದವನಂತೆ ನಟಿಸುವುದನ್ನು ಮರೆತು, "ಗಡುವಪ್ಪ," ಅಂದ.

*

ನಿರ್ವಹಣೆ ವಿಭಾಗದ ಮ್ಯಾನೇಜರಿಗೆ ಹಿಂದಿನಿಂದ ಎಲ್ಲರೂ ಇಟ್ಟ ಹೆಸರು ಗಡುವಪ್ಪ. ಮಾತಿಗೆ ಮುಂಚೆ ಗಡುವು, ಮಾತಿನ ಮಧ್ಯೆ ಗಡುವು. ಅವರ ಕೋಣೆ ಎರಡನೇ ಮಹಡಿಯಲ್ಲಿತ್ತು. ಗೋಡೆಯ ಬಿಳಿ ಹಲಗೆಯ ತುಂಬ ದಿನಾಂಕ, ದಿನಾಂಕದ ಕೆಳಗೆ ಕೆಂಪು ಗೆರೆ. ಮೇಜಿನ ಎಡಕ್ಕೆ ಕಿಟಕಿ. ಕಿಟಕಿಯ ನೇರಕ್ಕೆ, ಅಂಗಳದಲ್ಲಿ, ಟ್ಯಾಂಕಿನ ಚೌಕದ ಬಾಯಿ.

"ಐದು ನಿಮಿಷ, ಮೇಡಂ. ಹನ್ನೆರಡಕ್ಕೆ ಮೀಟಿಂಗ್," ಅಂದರು. ಗಡ್ಡ ಬೋಳಿಸಿ ಮೂರು ದಿನವಾದ ಮುಖ.

ಅಕ್ಕ ಕೂತು, ಪಂಪ್ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇದನ್ನ ನೀವು ಓದಿದ್ದೀರಾ?"

"ಅದನ್ನ ಯಾರು ಓದ್ತಾರೆ? ಎಲ್ಲ ಪಟ್ಟೀಲೇ ಇದೆಯಲ್ಲ."

"ಅದಕ್ಕೇ ಇದು ಯಾರ ಕೈಗೂ ಸಿಗದೆ ಉಳಿದಿದೆ." ಪುಟ ತೆರೆದು ಅವರ ಕಡೆ ತಿರುಗಿಸಿದಳು.

ಅವರು ಓದಿದರು. ಒಂದೇ ಸಾಲು, ಆದರೂ ಬಹಳ ಹೊತ್ತು ಓದಿದರು.

"ಇದನ್ನ ಆಮೇಲೆ ಬರೆದಿರಬಹುದು."

"ಯಾವಾಗ? ನೀರು ಬಿಟ್ಟ ಹತ್ತು ನಿಮಿಷಕ್ಕೆ ಜನ ಓಡಿ ಬಂದು ಹೇಳಿದಾಗ ವಾಲ್ವ್ ಮುಚ್ಚಿ ಟ್ಯಾಂಕಿನ ಹತ್ತಿರ ಓಡಿದ್ಲು. ಅಲ್ಲಿಂದ ನೇರ ಈ ಕೋಣೆಗೆ ಕರೆಸಿದ್ರಿ. ಸಂಜೆ ನಾಲ್ಕರ ತನಕ ಇಲ್ಲೇ ಕೂರಿಸಿದ್ರಿ. ನಿಮ್ಮ ದೂರಿನಲ್ಲೇ ಇದೆ. ಮಧ್ಯಾಹ್ನ ಎರಡಕ್ಕೆ ಪಾಳಿಗೆ ಬಂದವನು ಈ ಸಾಲಿನ ಕೆಳಗೇ ಸಹಿ ಹಾಕಿದ್ದಾನೆ, ನೋಡಿ. ಮಧ್ಯೆ ಒಂದು ಕೂದಲು ತೂರಿಸೋಕೂ ಜಾಗ ಇಲ್ಲ."

"ಅವಳು ಯಾರದ್ದೋ ಪಾಸ್‌ವರ್ಡ್ ಕದ್ದಿರಬೇಕು ಅಂತ ನಾನು..."

"ಕದ್ದು ಬಿಚ್ಚಿದ್ದರೆ ಅದನ್ನ ಪುಸ್ತಕದಲ್ಲಿ ಬರೀತಿದ್ಲಾ? ಸುಳ್ಳು ಬರೆಯೋಳಾಗಿದ್ರೆ ತಿಂಗಳು ತಿಂಗಳೂ ಬರೋ ವಾಕ್ಯವನ್ನೇ ಬರೆದುಬಿಡ್ತಿದ್ಲು. 'ಹಿಂದಿನ ಕೆಲಸ ಮುಗಿದಿದೆ.' ಅವಳಿಗೆ ಗೊತ್ತಿದ್ದದ್ದು ಅದೊಂದೇ. ಈ ವಾಕ್ಯ ಅವಳು ಜನ್ಮದಲ್ಲಿ ಒಂದೇ ಸಲ ನೋಡಿದ್ದು. ಅರ್ಥ ಆಗದೇನೇ, ಬಂದ ಹಾಗೆ ಬರೆದಿದ್ದಾಳೆ. ಇದು ಎಣಿಕೆ ಮುಗಿದಾಗ ಬರೋ ಮಾತಲ್ಲ, ಗಂಟು ಬಿಚ್ಚಿದಾಗ ಬರೋ ಮಾತು. ಬಿಚ್ಚೋ ಅಧಿಕಾರ ಇರೋದು ನಿಮ್ಮೊಬ್ಬರಿಗೆ."

ಗಡಿಯಾರ ಹನ್ನೆರಡು ತೋರಿಸಿತು. ಗಡುವಪ್ಪ ಅದರ ಕಡೆ ತಿರುಗಿ ನೋಡಲಿಲ್ಲ. ಅದನ್ನು ಕಂಡು ನನಗೆ ಮೊದಲ ಸಲ ಅವರ ಮೇಲೆ ಕನಿಕರ ಬಂತು.

"ಡಯಾಲಿಸಿಸ್ ವಾರ್ಡಿಂದ ಮೂರು ಸಲ ಫೋನ್ ಬಂತು," ಅಂದರು ಕೊನೆಗೆ. ದನಿಯಲ್ಲಿ ಅವಸರವಿರಲಿಲ್ಲ. "ಮೇಲಿನ ಟ್ಯಾಂಕ್ ಬತ್ತುತಾ ಇದೆ, ಆರು ಜನ ಮೆಷಿನ್ನಿಗೆ ಹಚ್ಚಿಕೊಂಡು ಮಲಗಿದ್ದಾರೆ, ನೀರು ನಿಂತರೆ ಏನು ಮಾಡ್ಲಿ ಅಂತ. ಇಲ್ಲಿ ಎಣಿಕೆಗೆ ಟಿಕ್ ಬೀಳ್ತಾ ಇಲ್ಲ. ಮೇಸ್ತ್ರಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಟ್ಯಾಂಕಿನೊಳಗೆ ಸಿಗ್ನಲ್ ಇರಲ್ಲ, ಅದು ಆಮೇಲೆ ಹೊಳೀತು."

"ಇಳಿದು ಹೋಗಿ ನೋಡಬಹುದಿತ್ತು."

"ನೋಡಿದೆ, ಮೇಡಂ. ಇಲ್ಲಿಂದಲೇ." ಅವರು ಎದ್ದು ಕಿಟಕಿಯ ಹತ್ತಿರ ಹೋದರು. "ಇಬ್ಬರೂ ಮೇಲೆ ಬಂದಿದ್ರು. ಕಣ್ಣಾರೆ ಎಣಿಸಿದೆ. ಒಂದು, ಎರಡು. ಟಿಕ್ ಹಾಕೋಕೆ ಮರೆತಿದ್ದಾನೆ ಅಂದ್ಕೊಂಡು ಗಂಟು ಬಿಚ್ಚಿದೆ. ಮೇಸ್ತ್ರಿಯನ್ನ ಎತ್ತಿಕೊಂಡು ಬಂದಾಗ ಕೈಕಾಲು ಆಡಲಿಲ್ಲ. ಮತ್ತೆ ಕಟ್ಟಿಬಿಟ್ಟೆ. ಆಮೇಲೆ ದೂರು ಬರೀಬೇಕಾಯ್ತು. ಒಂದು ಸಲ ಬರೆದ ಮೇಲೆ..."

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು, ಮತ್ತೆ ಒರೆಸಿದರು.

"ಎಂಟು ದಿನದಿಂದ ಇಲ್ಲಿ ಒಂದು ಕಲ್ಲು ಕೂತಿತ್ತು," ಅಂದರು ಎದೆ ಮುಟ್ಟಿಕೊಂಡು. "ಹೇಳಿದ್ದು ಒಳ್ಳೇದಾಯ್ತು. ನೀವು ಬರದಿದ್ದರೆ ಹೇಳ್ತಿದ್ದೆ ಅಂತ ಸುಳ್ಳು ಹೇಳಲ್ಲ. ಆದ್ರೆ ಒಳ್ಳೇದಾಯ್ತು."

ಅಕ್ಕ ತನ್ನ ಚೀಲದಿಂದ ಒಂದು ಖಾಲಿ ಹಾಳೆ ತೆಗೆಸಿದಳು. ಅವರು ನಿಂತೇ ಬರೆದರು. ದೂರು ವಾಪಸ್, ಗಂಟು ಬಿಚ್ಚಿದವನು ನಾನು, ಪಂಪು ನೋಡುವವರ ತಪ್ಪು ಏನೂ ಇಲ್ಲ. ಸಹಿ ಹಾಕಿ, ದಿನಾಂಕ ಬರೆದು, ಅಭ್ಯಾಸಬಲದಿಂದ ಅದರ ಕೆಳಗೆ ಒಂದು ಗೆರೆ ಎಳೆದರು.

ನಾನು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಕೇಸು ಮುಗಿಯಿತು ಅಂತಲೇ ನನ್ನ ಲೆಕ್ಕ. ಅಂಗಡಿಯಲ್ಲಿ ಎರಡು ಅಂಗಿ ಕಾಜಾಕ್ಕೆ ಕಾದಿದ್ದವು.

ಅಕ್ಕ ಮಾತ್ರ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

"ಮೇಸ್ತ್ರಿಯ ಜೊತೆಗಾರ, ಆ ಉದ್ದನೆಯವನು, ಅವನು ಎಲ್ಲಿದ್ದ?"

"ಆ ನಲ್ಲಿ ಹತ್ರ. ಬ್ರಷ್ ತೊಳೀತಾ ಇದ್ದ."

"ಇನ್ನೊಬ್ಬ?"

"ಟ್ಯಾಂಕಿನ ಬಾಯಿ ಪಕ್ಕ ನಿಂತಿದ್ದ. ಬೆನ್ನು ಈ ಕಡೆಗಿತ್ತು. ಮಂಡಿವರೆಗೂ ಬರೋ ಬೂಟು ಹಾಕಿದ್ದ, ಅದನ್ನೇ ನೋಡಿ ಮೇಸ್ತ್ರಿ ಅಂದ್ಕೊಂಡೆ."

"ಮೇಸ್ತ್ರಿ ಒಳಗಿದ್ದ."

"ಏನೋ ಬಿಟ್ಟು ಬಂದಿದ್ದನೇನೋ, ತರೋಕೆ ಮತ್ತೆ ಇಳಿದನೇನೋ ಅಂತ..." ಗಡುವಪ್ಪ ಅರ್ಧಕ್ಕೆ ನಿಲ್ಲಿಸಿದರು. ಅದನ್ನು ಅವರು ಎಂಟು ದಿನ ತಮಗೆ ತಾವೇ ಹೇಳಿಕೊಂಡಿದ್ದರು. ಗಟ್ಟಿಯಾಗಿ ಹೇಳಿದ ಕೂಡಲೇ ಅದರಲ್ಲಿ ಹುರುಳಿಲ್ಲ ಅಂತ ಅವರಿಗೂ ಗೊತ್ತಾಯಿತು.

ಆಗ ನನ್ನ ಫೋನು ಬಡಿದುಕೊಂಡಿತು. ಮೂರನೇ ಮಹಡಿಯ ನರ್ಸು.

"ನಿಮ್ಮ ಮೇಸ್ತ್ರಿ ಕಣ್ಣು ಬಿಟ್ಟಿದ್ದಾರೆ. ನೀರು ಕೇಳ್ತಿದ್ದಾರೆ. ಟ್ಯಾಂಕಿನದು ಬೇಡ, ಬೇರೆ ಕೊಡಿ ಅಂತಾರೆ."

*

ನಾವು ಹೋಗುವಷ್ಟರಲ್ಲಿ ಪಂಪಮ್ಮ ಮೆಟ್ಟಿಲು ಹತ್ತಿ ವಾರ್ಡಿನ ಬಾಗಿಲಿಗೆ ಬಂದು, ಒಳಗೆ ಹೋಗಲಾರದೆ ನಿಂತಿದ್ದಳು. ನಾನು ಹಾಳೆ ತೋರಿಸಿದೆ. ಅವಳು ಓದಿ ಮಡಿಸಿ ವಾಪಸ್ ಕೊಟ್ಟಳು. "ಅವನು ಇದನ್ನ ನಂಬಬೇಕಲ್ಲ."

"ಅವನಿಗೆ ಇದನ್ನ ಓದಿಸೋಕೆ ಮುಂಚೆ ನಿನ್ನ ಮುಖ ತೋರಿಸು," ಅಂದಳು ಅಕ್ಕ.

ಮೇಸ್ತ್ರಿಯ ತಲೆಗೆ ಪಟ್ಟಿ ಕಟ್ಟಿತ್ತು, ಮೂಗಿಗೆ ಕೊಳವೆ. ಗಾರೆಯಲ್ಲಿ ಮಾಡಿದಂಥ ದಪ್ಪ ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ತಂಗಿ ಬಂದು ಮಂಚದ ಕಾಲದೆಸೆಯಲ್ಲಿ ನಿಂತಳು. ಅವನು ನೋಡಿದ. ಆರು ವರ್ಷದ ನಂತರ ಅವನು ಬಾಯಿ ಬಿಟ್ಟು ಅವಳಿಗೆ ಹೇಳಿದ ಮೊದಲ ಮಾತು ಇದು.

"ವಾಲ್ವ್ ಮುಚ್ಚಿದ್ಯಾ?"

"ಮುಚ್ಚಿದೆ, ಅಣ್ಣ."

"ಪೂರ್ತಿ ತಿರುಗಿಸಬೇಕು. ಅರ್ಧಕ್ಕೆ ಬಿಟ್ರೆ ಸೋರುತ್ತೆ."

"ಪೂರ್ತಿ ತಿರುಗಿಸಿದ್ದೀನಿ."

"ಹಾಗಾದ್ರೆ ಅಲ್ಲೇ ಯಾಕೆ ನಿಂತೆ? ಕೂತ್ಕೋ."

ಅವಳು ಕೂರಲಿಲ್ಲ. ಹೊದಿಕೆಯ ಮೇಲಿದ್ದ ಅವನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳತೊಡಗಿದಳು. ಮೇಸ್ತ್ರಿ ಮೊದಲು ಛಾವಣಿ ನೋಡಿದ, ಆಮೇಲೆ ನನ್ನನ್ನು ನೋಡಿದ, ಕೊನೆಗೆ ನೋಡಲು ಬೇರೇನೂ ಸಿಗದೆ ಅವನೂ ಅತ್ತ. ನರ್ಸು ಬಂದು ಇಬ್ಬರನ್ನೂ ಗದರಿಸಿದಳು: ಮೂಗಿನಲ್ಲಿ ಕೊಳವೆ ಇರುವವರು ಅಳಬಾರದಂತೆ. ನಾನು ಕಿಟಕಿಯ ಹತ್ತಿರ ಹೋಗಿ ಹೊರಗಿನ ತಂತಿಯ ಮೇಲೆ ಒಣಹಾಕಿದ್ದ ಬಿಳಿ ಬಟ್ಟೆಗಳನ್ನು ಎಣಿಸುತ್ತ ನಿಂತೆ. ಎಂಟು ದಿನದ ಮೇಲೆ ನನ್ನ ಬೆನ್ನು ತಾನಾಗಿ ನೆಟ್ಟಗಾದದ್ದು ಆಗಲೇ.

ಅಕ್ಕ ನಡೆದದ್ದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿದಳು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೇಳಿದ.

"ಇವಳು ಬೇಕೂಂತ ಬಿಟ್ಟಳು ಅಂತ ನಾನು ಒಂದು ಗಳಿಗೆನೂ ಅಂದ್ಕೊಂಡಿಲ್ಲ," ಅಂದ. "ನೀರು ಬಂದಾಗ ಅನ್ನಿಸಿದ್ದು ಒಂದೇ. ಇವಳಿಗೆ ಯಾರೋ ಸುಳ್ಳು ಹೇಳಿದ್ದಾರೆ ಅಂತ."

ಪಂಪಮ್ಮ ಕಾಲು ಬಿಟ್ಟು ಈಗ ಅವನ ಕೈ ಹಿಡಿದಳು.

"ನೀನು ಟ್ಯಾಂಕಿನಿಂದ ಹೇಗೆ ಮೇಲೆ ಬಂದೆ?" ಅಕ್ಕ ಕೇಳಿದಳು. "ನಿನ್ನ ಜೊತೆಗಾರ ಕೂಗು ಕೇಳಿ ಓಡಿ ಬಂದು ಎಳೆದೆ ಅಂದ. ಅವನು ಬಂದಾಗ ನಿನಗೆ ಪ್ರಜ್ಞೆ ಇತ್ತಾ?"

"ಇರಲಿಲ್ಲ. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಇತ್ತು. ನೀರಿನ ರಭಸಕ್ಕೆ ಜಾರಿ ಬಿದ್ದೆ, ತಲೆ ಗೋಡೆಗೆ ಹೊಡೀತು. ಕತ್ತಲೆ. ಏಣಿ ಯಾವ ಕಡೆ ಅಂತಾನೇ ಗೊತ್ತಾಗಲಿಲ್ಲ."

"ಹಾಗಾದ್ರೆ ಕೂಗಿದ್ದು ಯಾರು?"

"ನಾನಲ್ಲ. ನನ್ನ ಬಾಯಿ ತುಂಬ ನೀರು." ಅವನು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡ. "ಯಾರೋ ಇಳಿದು ಬಂದ್ರು, ಟೀಚರಮ್ಮ. ಎದೆಮಟ್ಟದ ನೀರಿನಲ್ಲಿ ನನ್ನ ಕಂಕುಳಿಗೆ ಕೈ ಹಾಕಿ ಏಣಿ ತನಕ ಎಳ್ಕೊಂಡು ಹೋದ್ರು. ನನ್ನ ಬೆಲ್ಟು ಬಿಚ್ಚಿ ಏಣಿಗೆ ಸೇರಿಸಿ ಬಿಗಿದ್ರು, ಮುಳುಗದ ಹಾಗೆ. ಆಮೇಲೆ ಮೇಲೆ ಮುಖ ಮಾಡಿ ಜೋರಾಗಿ ಕೂಗಿದ್ರು."

"ಜೊತೆಗಾರ ಬೇರೆ ಯಾರನ್ನೂ ನೋಡಲಿಲ್ಲ ಅಂತಾನೆ."

"ಅವನು ಬರೋದ್ರೊಳಗೆ ಹೋಗಿರಬೇಕು. ಬೂಟಿನ ಸದ್ದು ಕೇಳಿಸ್ತು. ಅಷ್ಟೇ ನೆನಪು."

ಅಕ್ಕ ಮಂಚದ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡಳು. "ಮುಖ ಕಾಣಿಸ್ತಾ?"

"ಇಲ್ಲ."

"ಏನಾದ್ರೂ ಮಾತಾಡಿದನಾ?"

ಮೇಸ್ತ್ರಿ ತಂಗಿಯ ಕಡೆ ನೋಡಿದ. ಹೇಳಲೋ ಬೇಡವೋ ಅಂತ ತೂಗುತ್ತಿದ್ದಾನೆ ಅನ್ನಿಸಿತು.

"ಬೆಲ್ಟು ಬಿಗಿಯುವಾಗ ಕಿವಿ ಹತ್ರ ಹೇಳಿದ: 'ಮೂಗು ಮೇಲಿಟ್ಕೋ, ಭಾವ.'"

ಅಕ್ಕ ಪಂಪಮ್ಮನ ಕಡೆ ನೋಡಿದಳು.

ಮೇಸ್ತ್ರಿಗೆ ಮದುವೆಯಾಗಿಲ್ಲ. ಹೆಂಡತಿಯ ಕಡೆಯವರು ಅಂತ ಯಾರೂ ಇಲ್ಲ. ಒಡಹುಟ್ಟಿದವಳು ಇವಳೊಬ್ಬಳೇ. ಅವನನ್ನು ಭಾವ ಅಂತ ಕರೆಯಬೇಕಾದ ಗಂಡಸು ಇಡೀ ಲೋಕದಲ್ಲಿ ಒಬ್ಬನೇ.

ಪಂಪಮ್ಮ ಅಣ್ಣನ ಕೈ ಬಿಟ್ಟಳು.

"ಇಲ್ಲ, ಅವರಲ್ಲ," ಅಂದಳು ನಿಧಾನಕ್ಕೆ. "ಅವರು ಸಮುದ್ರದೊಳಗಿನ ಒಂದು ದ್ವೀಪದ ದೀಪಸ್ತಂಭದ ಕೆಲಸಕ್ಕೆ ಹೋಗಿ ಇಪ್ಪತ್ತು ದಿನ ಆಯ್ತು. ದೋಣಿಯಲ್ಲಿ ಕೂರಿಸಿ ಕಳಿಸಿದ್ದು ನಾನೇ. ಅಲ್ಲಿಂದ ತಿಂಗಳಿಗೆ ಒಂದೇ ದೋಣಿ. ದಿನಾ ಸಂಜೆ ಫೋನ್ ಮಾಡ್ತಾರೆ. ನಿನ್ನೆನೂ ಮಾಡಿದ್ರು. ಹಿಂದುಗಡೆ ಸಮುದ್ರ ಮೊರೀತಿತ್ತು, ನಾನೇ ಕೇಳಿಸಿಕೊಂಡಿದ್ದೀನಿ."

ಅಕ್ಕ ಮೇಸ್ತ್ರಿಯ ಕಡೆ ತಿರುಗಿದಳು. "ದನಿ ಅವನದೇನಾ? ತಲೆಗೆ ಏಟು ಬಿದ್ದಿತ್ತು, ನೀರಿನ ಸದ್ದು ಬೇರೆ. ತಪ್ಪಾಗಿ ಕೇಳಿಸಿರಬಹುದು."

"ಟೀಚರಮ್ಮ," ಅಂದ ಮೇಸ್ತ್ರಿ, "ಆರು ವರ್ಷದಿಂದ ಆ ದನಿ ಕೇಳಿಸಿದ ಕಡೆಯಿಂದೆಲ್ಲ ಎದ್ದು ಬಂದಿದ್ದೀನಿ. ನನಗೆ ಅದು ಗೊತ್ತಾಗದೆ ಇರುತ್ತಾ?"